ಎಂಬತ್ತಾರು ಮಂದಿ ಮತ್ತು ಶ್ರುತಿಯ ಸೋಮಯ್ಯ

ಆಮಂತ್ರಣ ಪತ್ರಿಕೆಯಲ್ಲಿದ್ದ ತನ್ನ ಹೆಸರನ್ನು ಏಳನೇ ಸಲ ಓದುವಾಗ ನರೇಶನಿಗೆ ಹೆದರಿಕೆಯಾಯಿತು. ಮೊದಲ ಆರು ಸಲವೂ ಆದದ್ದು ಖುಷಿಯೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ‘ದೇವಸ್ಥಾನಕ್ಕೆ ಧ್ವನಿಸೇವೆ ಸಲ್ಲಿಸಿದ ಊರಿನ ಹೆಮ್ಮೆಯ ಸಂಗೀತ ಸಂಯೋಜಕ ಶ್ರೀ ನರೇಶ ಸೋಮಯ್ಯ ಇವರಿಗೆ ಸನ್ಮಾನ’ ಎಂದು ಕೆಂಪು ಶಾಯಿಯಲ್ಲಿ ಅಚ್ಚಾಗಿತ್ತು. ‘ಸಂಗೀತ ಸಂಯೋಜಕ’ ಎಂಬುದು ಮೊದಲು ಇರಲಿಲ್ಲ. ಕರಡು ವಾಟ್ಸಾಪಿಗೆ ಬಂದಾಗ ತಾನೇ ದೇವಸ್ಥಾನ ಸಮಿತಿಯ ಅಧ್ಯಕ್ಷ ರಾಘು ಮಾಸ್ತರರಿಗೆ ಫೋನು ಮಾಡಿ, ಬೇರೇನೋ ವಿಚಾರಿಸುವವನಂತೆ ನಾಲ್ಕು ಮಾತಾಡಿ, ಕೊನೆಗೆ ‘ಮಾಸ್ತರೇ, ಬರೀ ಹೆಸರು ಹಾಕಿದ್ರೆ ಯಾವ ನರೇಶ ಅಂತ ಜನಕ್ಕೆ ಗೊತ್ತಾಗೂದಿಲ್ಲ ಅಲ್ವಾ’ ಎಂದು ಸೇರಿಸಿಕೊಂಡಿದ್ದ. ಊರಿನಲ್ಲಿ ನರೇಶ ಅಂತ ಇದ್ದವನು ಅವನೊಬ್ಬನೇ. ಈಗ ಏಳನೇ ಸಲಕ್ಕೆ ಕಣ್ಣು ಹೋಗಿ ನಿಂತದ್ದು ಆ ಬಿರುದಿನ ಮೇಲಲ್ಲ, ತನ್ನ ಹೆಸರಿಗೆ ಅಂಟಿಕೊಂಡು ಬಂದ ‘ಸೋಮಯ್ಯ’ ಎಂಬುದರ ಮೇಲೆ. ಅಪ್ಪನ ಹೆಸರು. ಯಾವ ಸೇವೆಗಾಗಿ ಮಗನಿಗೆ ಶಾಲು ಹೊದೆಸುತ್ತಿದ್ದರೋ ಆ ಸೇವೆಯಿಂದಲೇ ದೇವಸ್ಥಾನದಲ್ಲಿ ಅಪ್ಪನ ಶ್ರುತಿ ಊದುವ ಕೆಲಸ ಹೋಗಿತ್ತು. ಅದು ತನ್ನ ಕೈವಾಡ ಎಂಬುದನ್ನು ನರೇಶ ಅಪ್ಪನಿಗೆ ಹೇಳಿರಲಿಲ್ಲ. ಪತ್ರಿಕೆ ಹಂಚುವ ಮಂಜ ಸಂಜೆಯೊಳಗೆ ನಿಮ್ಮನೆಗೂ ಮುಟ್ಟಿಸುತ್ತಾನೆ ಎಂದು ರಾಘು ಮಾಸ್ತರರು ಬೆಳಿಗ್ಗೆಯೇ ಬಂದು, ಒಂದು ಪ್ರತಿ ಕೈಗಿಟ್ಟು, ಹೇಳಿ ಹೋಗಿದ್ದರು. ಅಂದರೆ ಎಂಟು ತಿಂಗಳಿಂದ ಹೇಳಲಾಗದ್ದನ್ನು ಇನ್ನು ಎಂಟು ತಾಸಿನೊಳಗೆ ಅಪ್ಪನಿಗೆ ಹೇಳಬೇಕು.

ಅವನು ಕೂತಿದ್ದ ಕೋಣೆ ಕುಮಟಾದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಬೇಕರಿಯ ಮಾಳಿಗೆಯ ಮೇಲಿತ್ತು. ಕೆಳಗಿನ ಒಲೆಯ ಬಿಸಿ ನೆಲದಿಂದ ಏರಿ ಬಂದು ಅಂಗಾಲಿಗೆ ತಾಗುತ್ತಿತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದ. ಅವನು ಅದನ್ನು ಸ್ಟುಡಿಯೋ ಎಂದು ಕರೆಯುತ್ತಿದ್ದ, ಪೇಟೆಯವರು ರಿಕ್ಷಾ ಅನೌನ್ಸಿನವನ ರೂಮು ಎನ್ನುತ್ತಿದ್ದರು. ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟಾದವರೆಗೆ ತಲೆಯ ಮೇಲೆ ಮೈಕು ಕಟ್ಟಿಕೊಂಡು ಓಡುವ ರಿಕ್ಷಾಗಳ ಜಾಹೀರಾತುಗಳಲ್ಲಿ ಅರ್ಧಕ್ಕರ್ಧ ಅವನವೇ: ಸೀರೆಯ ರಿಯಾಯಿತಿ ಮಾರಾಟ, ಹಾಸಿಗೆ ಮೇಳ, ಕಣ್ಣಿನ ತಪಾಸಣಾ ಶಿಬಿರ. ಆದರೆ ಕಂಪ್ಯೂಟರಿನ ಒಳಗೆ ಬೇರೆಯದೇ ಸಂಸಾರವಿತ್ತು. ಅಲ್ಲಿ ಎಂಬತ್ತಾರು ಮಂದಿ ವಾದಕರು, ಯಾವುದೋ ದೇಶದ ಯಾವುದೋ ಇಗರ್ಜಿಯಲ್ಲಿ ಒಂದೊಂದೇ ಸ್ವರ ನುಡಿಸಿ ರೆಕಾರ್ಡಿಗೆ ಕೊಟ್ಟು ಹೋದವರು, ಅವನ ಬೆರಳು ಕೀಲಿಯ ಮೇಲೆ ಬೀಳುವುದನ್ನೇ ಕಾಯುತ್ತಿದ್ದರು. ಮೂವತ್ತು ಪಿಟೀಲು, ಹನ್ನೆರಡು ವಯೋಲಾ, ತೀರ ಕೆಳಸ್ವರದ ಎಂಟು ಡಬಲ್ ಬಾಸು, ನಾಲ್ಕು ಹಾರ್ನು. ಇವುಗಳಲ್ಲಿ ಒಂದನ್ನೂ ಅವನು ಕೈಯಿಂದ ಮುಟ್ಟಿದವನಲ್ಲ. ಒಮ್ಮೆ ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಹಿಂದೆ ಪಿಟೀಲಿನ ಜಾತಿಯ ಚೆಲ್ಲೋ ಕಂಡು, ಇಷ್ಟು ದೊಡ್ಡದಾ ಎಂದು ಬೆಚ್ಚಿದ್ದ. ಅವನ ಪರದೆಯ ಮೇಲೆ ಅದು ಕಿರುಬೆರಳಿನಷ್ಟಿತ್ತು. ಪರದೇಶದ ಹೆಸರು ನೆನಪಿಡಲಾಗದೆ ಪಟ್ಟಿಯಲ್ಲಿ ಊರವರ ಹೆಸರನ್ನೇ ಇಟ್ಟುಕೊಂಡಿದ್ದ. ಡಬಲ್ ಬಾಸಿಗೆ ಐಸ್ ಹೊರುವ ಗಣಪಿಯ ಹೆಸರು, ಪಿಕಲೋ ಕೊಳಲಿಗೆ ಮೀನು ಮಾರುವ ವಸಂತಿಯ ಹೆಸರು, ಮೂಗಿನಲ್ಲಿ ಮಾತಾಡುವ ಬಸೂನ್ ಎಂಬ ಊದುವಾದ್ಯಕ್ಕೆ ‘ಮಾಸ್ತರ್’. ಮಾಸ್ತರರನ್ನು ಒಂದೇ ಗುಂಡಿ ಒತ್ತಿ ಬಾಯಿ ಮುಚ್ಚಿಸುವಾಗ ಸಿಗುವ ಸುಖವನ್ನು ಅವನು ಯಾರಿಗೂ ಹೇಳಿರಲಿಲ್ಲ.

ಈ ಎಂಬತ್ತಾರು ಮಂದಿಯಿಂದ ಅವನು ಎರಡು ವರ್ಷಗಳಿಂದ ಒಂದು ಸಿಂಫನಿ ಮಾಡಿಸುತ್ತಿದ್ದ. ಹೆಸರು ‘ಅಘನಾಶಿನಿ’. ಹೆಸರಿನ ಮಟ್ಟಿಗೆ ಅದು ಮುಗಿದಿತ್ತು. ಮೂರನೆಯ ಭಾಗದ ಶುರುವಿನಲ್ಲಿ ಎಂಟು ಬಾಸುಗಳು ಒಂದೇ ಕೆಳಸ್ವರವನ್ನು ಮೂರು ನಿಮಿಷ ಹಿಡಿದು ನಿಲ್ಲಬೇಕು, ಅಳಿವೆಯಲ್ಲಿ ಸಮುದ್ರ ಉಬ್ಬಿ ಭರತದ ನೀರು ಏರಿದ ಹಾಗೆ ಉಳಿದವರೆಲ್ಲ ಅದರ ಮೇಲೆ ಏರಿ ಬರಬೇಕು. ಉಳಿದವರು ಬರುತ್ತಿದ್ದರು. ಆ ಒಂದು ಸ್ವರ ಮಾತ್ರ ಹೆಣದಂತೆ ಬಿದ್ದಿರುತ್ತಿತ್ತು. ಇಂಟರ್‌ನೆಟ್ಟಿನ ಒಂದು ಗುಂಪಿಗೆ ಹಾಕಿದಾಗ ಯಾರೋ ಪುಣ್ಯಾತ್ಮ, ಎಲ್ಲ ಚೆನ್ನಾಗಿದೆ, ಆ ಸ್ವರವನ್ನು ಮಾತ್ರ ಯಾರೂ ನುಡಿಸುತ್ತಿಲ್ಲ ಎಂದು ಬರೆದಿದ್ದ. ನರೇಶ ವಾರವಿಡೀ ಅವನಿಗೆ ಮನಸ್ಸಿನಲ್ಲೇ ಶಾಪ ಹಾಕಿದ, ಆಮೇಲೆ ಅವನು ಹೇಳಿದಂತೆಯೇ ತಿದ್ದಲು ಕೂತ. ಸಾಫ್ಟ್‌ವೇರಿನಲ್ಲಿ ಮನುಷ್ಯತ್ವಕ್ಕೂ ಒಂದು ಗುಂಡಿಯಿದೆ. ತಿರುಗಿಸಿದಷ್ಟು ಶೇಕಡಾ ತಪ್ಪುಗಳನ್ನು ಅದು ತಾನಾಗಿಯೇ ಹಾಕಿಕೊಡುತ್ತದೆ: ಒಬ್ಬ ತುಸು ತಡ, ಒಬ್ಬ ತುಸು ಮೆಲ್ಲಗೆ. ನರೇಶ ಅದನ್ನು ಹನ್ನೆರಡಕ್ಕೆ ಇಟ್ಟಿದ್ದ. ಶೇಕಡಾ ಹನ್ನೆರಡು ಮನುಷ್ಯತ್ವ ಸಾಲುವುದಿಲ್ಲವೇನೋ ಎಂದು ಹದಿನೈದು ಮಾಡಿ ನೋಡಿದ, ಗಣಪಿಗಳೆಲ್ಲ ಕುಡಿದವರಂತೆ ತೊದಲಿದರು, ಮತ್ತೆ ಹನ್ನೆರಡಕ್ಕೆ ತಂದ. ತನ್ನದೇ ಮನುಷ್ಯತ್ವ ಎಷ್ಟಕ್ಕೆ ನಿಂತಿದೆ ಎಂಬ ಯೋಚನೆ ಬಂದು, ಅದು ತೀರ ಅಗ್ಗದ ಯೋಚನೆ ಎನಿಸಿ, ಪತ್ರಿಕೆಯನ್ನು ಕೀಬೋರ್ಡಿನ ಅಡಿಗೆ ಸರಿಸಿದ.

‘ಎಂತ ಅಡಗಿಸ್ತಿದ್ರಿ ನರೇಶಣ್ಣ?’ ಎನ್ನುತ್ತ ಕಲ್ಪನಾ ಬಂದಳು. ಜಾಹೀರಾತುಗಳಿಗೆಲ್ಲ ಅವಳದೇ ಗಂಟಲು. ಕನ್ನಡ, ಕೊಂಕಣಿ, ಉರ್ದು ಮೂರರಲ್ಲೂ ‘ಬನ್ನಿ, ಇಂದೇ ಬನ್ನಿ’ ಎಂದು ಕರೆಯಬಲ್ಲವಳು, ದಿನದಲ್ಲಿ ಉಳಿದ ಹೊತ್ತು ಅಂಗನವಾಡಿಯಲ್ಲಿ ಮಕ್ಕಳನ್ನು ಗದರುತ್ತಿದ್ದಳು. ಅವನು ಏನೂ ಇಲ್ಲ ಎನ್ನುವುದರೊಳಗೆ ಪತ್ರಿಕೆಯನ್ನು ಎಳೆದುಕೊಂಡು ಓದಿಯೂ ಆಗಿತ್ತು. ‘ಅಯ್ಯೋ ದೇವ್ರೇ, ಸನ್ಮಾನ! ದೇವಸ್ಥಾನದ ರೆಕಾರ್ಡು ನೀವು ಮಾಡಿದ್ದಾ? ಮಂಗಳೂರಿಂದ್ದು ಅಂದಿದ್ರಪ್ಪ ಎಲ್ಲರೂ. ಸೋಮಯ್ಯಣ್ಣಂಗೆ ಎಷ್ಟು ಖುಷಿ ಆಗಿರ್ಬೇಕು.’

‘ಆಗಿದೆ,’ ಎಂದ ನರೇಶ. ಇಷ್ಟು ಸಲೀಸಾಗಿ ಬಂದ ಸುಳ್ಳು ಅವನಿಗೇ ಆಶ್ಚರ್ಯ ಹುಟ್ಟಿಸಿತು. ಮೈಕಿನ ಎತ್ತರ ಸರಿಮಾಡಿದ. ಭಟ್ಕಳದ ಜವಳಿ ಅಂಗಡಿಯದು, ನಲವತ್ತು ಸೆಕೆಂಡು.

‘ಹಿಂದೆ ಆ ಸತ್ತವರ ಮನೆ ಮ್ಯೂಸಿಕ್ ಹಾಕ್ಬೇಡಿ ಮತ್ತೆ,’ ಎಂದಳು ಕಲ್ಪನಾ. ‘ಹೋದ ಸಲ ಅಂಗಡಿ ಸಾಹೇಬ್ರು ನಂಗೆ ಬೈದ್ರು. ಜನ ಬಟ್ಟೆ ತಕ್ಕಳೂಕೆ ಬರ್ಬೇಕು, ಅಳೂಕಲ್ಲ ಅಂದ್ರು.’ ಸತ್ತವರ ಮನೆ ಮ್ಯೂಸಿಕ್ ಎಂದರೆ ಸಿಂಫನಿಯ ಎರಡನೆಯ ಭಾಗ. ಆರು ತಿಂಗಳ ಕೆಲಸ. ಅದನ್ನು ಬರೆದು ಮುಗಿಸಿದ ದಿನ ನರೇಶ ನಿಜಕ್ಕೂ ಅತ್ತಿದ್ದ. ಕೇಳುವವರು ಯಾರೂ ಇಲ್ಲವಲ್ಲ ಎಂದು ಚೂಡಿದಾರ್ ರಿಯಾಯಿತಿಯ ಹಿಂದೆ ಸೇರಿಸಿ ಕಳಿಸಿದ್ದ. ರಿಕ್ಷಾ ಸಂತೆಯೊಳಗೆ ಹೋಗುವಾಗ ಬೈಕಿನಲ್ಲಿ ಹಿಂದೆಯೇ ಹೋಗಿ ಜನರ ಮುಖ ನೋಡಿದ್ದ. ಒಬ್ಬ ಮುದುಕಿ ರಿಕ್ಷಾಕ್ಕೆ ಕೈ ಅಡ್ಡ ಹಿಡಿದಳು. ನಿಲ್ಲಿಸಿ ಕೇಳುತ್ತಾಳೆ ಎಂದು ಇವನ ಎದೆ ಹಾರಿತು. ಅವಳಿಗೆ ಬಸ್ ಸ್ಟ್ಯಾಂಡಿಗೆ ಹೋಗಬೇಕಾಗಿತ್ತು.

ಕಲ್ಪನಾ ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಅವಳ ಎರಡು ವಾಕ್ಯಗಳ ನಡುವೆ ಉಸಿರೆಳೆದ ಸದ್ದು ಪರದೆಯ ಮೇಲೆ ಸಣ್ಣ ಗುಡ್ಡದಂತೆ ಎದ್ದು ಕಾಣುತ್ತಿತ್ತು. ನರೇಶ ಅಭ್ಯಾಸಬಲದಿಂದ ಅದನ್ನು ಕತ್ತರಿಸಿದ. ಉಸಿರು ಕತ್ತರಿಸುವುದರಲ್ಲಿ ಅವನಷ್ಟು ನಾಜೂಕಿನವನು ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಹಾಗೆ ಕತ್ತರಿಸುತ್ತ ಕೂತವನಿಗೆ ತಾನು ಹೈಸ್ಕೂಲಿನಲ್ಲಿದ್ದಾಗಿನ ಹೊನ್ನಾವರದ ಒಂದು ಮದುವೆ ಮಂಟಪದ ಬಾಗಿಲು ಕಣ್ಣಿಗೆ ಕಟ್ಟಿತು. ಬಾಗಿಲ ಬಲಕ್ಕೆ ಚಾಪೆ, ಚಾಪೆಯ ಮೇಲೆ ಸನಾದಿ ಊದುವ ದೊಡ್ಡಪ್ಪ, ಅವನ ಪಕ್ಕ ಅಪ್ಪ. ದೊಡ್ಡಪ್ಪನ ಬೆರಳು ರಂಧ್ರಗಳ ಮೇಲೆ ಕುಣಿಯುತ್ತಿದ್ದವು, ಜನ ಅವನತ್ತ ನೋಡಿ ತಲೆದೂಗುತ್ತಿದ್ದರು. ಅಪ್ಪನ ಕೊಳವೆಗೆ ರಂಧ್ರಗಳ ಗೊಡವೆಯೇ ಇಲ್ಲ. ಅವನದು ಒಂದೇ ಸ್ವರ, ಶ್ರುತಿ. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಹೊರಗೆ ಬಿಡುತ್ತಲೇ ಮೂಗಿನಿಂದ ಒಳಗೆಳೆಯುತ್ತ, ಗಂಟೆಗಟ್ಟಲೆ ಅದನ್ನೇ ಹಿಡಿದಿರಬೇಕು. ಕೆನ್ನೆ ಎರಡೂ ಉಬ್ಬಿ, ಕಣ್ಣು ಹೊರಬಂದು, ಮುಖ ಅಪ್ಪನದಾಗಿ ಉಳಿಯುತ್ತಿರಲಿಲ್ಲ. ಹೈಸ್ಕೂಲಿನ ನಾಲ್ಕು ಹುಡುಗರು ಅದೇ ಮದುವೆಗೆ ಊಟಕ್ಕೆ ಬಂದಿದ್ದರು. ‘ಕಪ್ಪೆ ಕಾಣು ಕಪ್ಪೆ,’ ಎಂದು ಒಬ್ಬ ಕೆನ್ನೆ ಉಬ್ಬಿಸಿದ. ‘ನಿಮ್ಮೂರಿನವ್ನಲ್ವೇನಾ ಅವ?’ ಎಂದು ಇನ್ನೊಬ್ಬ ಕೇಳಿದ. ‘ಹೌದು, ನಮ್ಮನೆ ಆಚೆ ಬದಿಯವ್ನು,’ ಎಂದಿದ್ದ ನರೇಶ. ಅಪ್ಪ ನಾಲ್ಕೇ ಮಾರು ದೂರದಲ್ಲಿದ್ದ. ಕೇಳಿಸಿತೋ ಇಲ್ಲವೋ, ಕೇಳಿಸಿದ್ದರೂ ಬಾಯಿ ತೆರೆಯುವ ಹಾಗಿರಲಿಲ್ಲ. ಮಗನನ್ನು ನೋಡುತ್ತ ಅದೇ ಸ್ವರ ಹಿಡಿದಿದ್ದ. ಮನೆಗೆ ಬಂದ ಮೇಲೂ ಆ ಸುದ್ದಿ ಎತ್ತಲಿಲ್ಲ, ಕರವಸ್ತ್ರದಲ್ಲಿ ಕಟ್ಟಿ ತಂದ ಎರಡು ಲಾಡು ಕೊಟ್ಟ. ನರೇಶ ಎರಡನ್ನೂ ತಿಂದ.

ಎಂಟು ತಿಂಗಳ ಹಿಂದೆ ರಾಘು ಮಾಸ್ತರರು ಸ್ಟುಡಿಯೋದ ಏಣಿ ಹತ್ತಿ ಬಂದಾಗ ನರೇಶ ಯೋಚಿಸಿದ್ದು ಅಪ್ಪನ ಬಗ್ಗೆ ಅಲ್ಲ, ತನ್ನ ಬಗ್ಗೆ. ದೊಡ್ಡಪ್ಪ ಸತ್ತು ವರ್ಷವಾಗಿತ್ತು. ದೇವಸ್ಥಾನದಲ್ಲಿ ಸನಾದಿಯಿಲ್ಲದೆ ಬರೀ ಶ್ರುತಿ, ಅಪ್ಪನೊಬ್ಬನೇ. ‘ಸೋಮಯ್ಯಂಗೂ ವಯಸ್ಸಾತು, ಮಳೆಗಾಲದಲ್ಲಿ ಕೆಮ್ಮು,’ ಎಂದಿದ್ದರು ಮಾಸ್ತರರು. ‘ಅವ ಬರೂಕಾಗದ ದಿನಕ್ಕೆ ಅಂತ ಒಂದು ರೆಕಾರ್ಡು ಮಾಡ್ಕೊಡು ತಮಾ. ನೀ ಎಂತೆಂತದೋ ಮಾಡ್ತೆ ಅಂತ ಕೇಳಿದೆ.’ ಎಂತೆಂತದೋ ಮಾಡುವವನೆಂದು ತನ್ನನ್ನು ಗುರುತಿಸಿ ಬಾಗಿಲಿಗೆ ಬಂದ ಮೊದಲ ಮನುಷ್ಯ ಅವರು. ನರೇಶ ಉಬ್ಬಿಹೋದ. ಅಪ್ಪನನ್ನು ಜಗಲಿಯಲ್ಲಿ ಕೂರಿಸಿ, ಸುಮ್ಮನೆ ಮೈಕು ಪರೀಕ್ಷೆ ಮಾಡಬೇಕು, ಊದು ಎಂದ. ಅಪ್ಪ ಹೊಸ ಪಂಚೆ ಉಟ್ಟುಕೊಂಡು ಬಂದು ಕೂತ. ನಲವತ್ತು ವರ್ಷದಲ್ಲಿ ಮಗ ಅವನ ಕೊಳವೆಯ ಸುದ್ದಿ ಎತ್ತಿದ್ದು ಅದೇ ಮೊದಲು. ಒಂಬತ್ತು ನಿಮಿಷ ಊದಿದ, ಬೆವರು ಒರೆಸಿಕೊಳ್ಳದೆ. ಮುಗಿಸಿ ‘ಬಂತಾ?’ ಎಂದು ಕೇಳಿದ. ‘ಬಂತು,’ ಎಂದ ನರೇಶ. ಆ ಒಂಬತ್ತು ನಿಮಿಷದ ಮೇಲೆ ಕಂಪ್ಯೂಟರಿನ ಸನಾದಿ ಕೂರಿಸಿದ, ಡೋಲು ಕೂರಿಸಿದ, ವಿಯೆನ್ನಾದ ಯಾವುದೋ ಸಭಾಂಗಣದ ಪ್ರತಿಧ್ವನಿ ಸುರಿದ. ಎಷ್ಟು ಸುರಿದನೆಂದರೆ ಇನ್ನು ಅಪ್ಪನಿಗೇ ಅದು ತನ್ನದೆಂದು ಗುರುತು ಹತ್ತಲಾರದು ಎನಿಸಿತು. ಪೆನ್ ಡ್ರೈವ್ ಕೊಡುವಾಗ, ‘ಅಪ್ಪಂಗೆ ನಂದು ಅಂತ ಹೇಳ್ಬೇಡಿ, ಮಂಗಳೂರಿಂದ ತರಿಸಿದ್ದು ಅನ್ನಿ,’ ಎಂದ. ಯಾಕೆ ಹಾಗೆಂದ? ಅಪ್ಪನ ಕೆಲಸ ಹೋಗುತ್ತದೆಂದು ಗೊತ್ತಿತ್ತು, ಅದಕ್ಕೇ ಹಾಗೆಂದ. ಬರಲಾಗದ ದಿನಕ್ಕೆ ಎಂದದ್ದು ವಾರದೊಳಗೆ ಎಲ್ಲ ದಿನಕ್ಕೂ ಆಯಿತು. ‘ಇನ್ನು ವಿಶ್ರಾಂತಿ ತಕೋ ಸೋಮಯ್ಯ,’ ಎಂದರಂತೆ ಮಾಸ್ತರರು. ರಾತ್ರಿ ಉಣ್ಣುವಾಗ ಅಪ್ಪ ಅಷ್ಟೇ ಹೇಳಿದ: ‘ಮಂಗಳೂರಿಂದ ಹಾಡೂ ಪೆಟ್ಟಿಗೆ ಬಂತು. ಲಾಯಕ್ಕಾಗಿ ಅದೆ.’ ಆ ಹೊಗಳಿಕೆ ಕೇಳಿ ನರೇಶನ ಒಳಗೆ ಯಾವನೋ ಒಬ್ಬ ಹಿಗ್ಗಿದ್ದು ನಿಜ. ಅವನನ್ನು ನರೇಶ ಇವತ್ತಿಗೂ ಕ್ಷಮಿಸಿರಲಿಲ್ಲ, ಮನೆಯಿಂದ ಹೊರಗೂ ಹಾಕಿರಲಿಲ್ಲ.

ಮಧ್ಯಾಹ್ನ ಬೈಕು ಹತ್ತಿ ಊರಿನ ಕಡೆ ಹೊರಟ. ಹೆಲ್ಮೆಟ್ಟಿನ ಒಳಗೆ ಮಾತು ಅಭ್ಯಾಸ ಮಾಡಿದ. ‘ಅಪ್ಪ, ಅದು ನಾನು ಮಾಡಿದ್ದು.’ ತೀರ ಬೋಳು. ‘ಅಪ್ಪ, ನಿಂಗೊಂದು ವಿಷಯ ಹೇಳ್ಬೇಕಿತ್ತು.’ ಇದು ಧಾರಾವಾಹಿ. ಮೂರನೆಯ ರೂಪದಲ್ಲಿ ತನ್ನ ತಪ್ಪಿಗಿಂತ ಮಾಸ್ತರರ ತಪ್ಪೇ ದೊಡ್ಡದಾಯಿತು, ನಾಲ್ಕನೆಯದರಲ್ಲಿ ತಪ್ಪು ಯಾರದೂ ಅಲ್ಲ, ಕಾಲದ್ದು ಎಂದಾಯಿತು. ಕಾಲದ ಮೇಲೆ ಹಾಕಿದ್ದು ಅವನಿಗೆ ಬಹಳ ಹಿಡಿಸಿತು. ಗದ್ದೆ ಬಯಲಿನ ತಿರುವಿನಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿ ನೋಡಿದಾಗ ಎದುರಿಗೆ ಬಂದ ಸೈಕಲ್ಲಿನವನು ಹೆದರಿ ಇಳಿದ.

ಮನೆಯಲ್ಲಿ ಹೆಂಡತಿ ಸುಪ್ರಿಯಾ ಪತ್ರಿಕೆಯನ್ನು ನಿಂತಲ್ಲೇ ಓದಿದಳು. ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತು. ಎಂಟು ತಿಂಗಳಲ್ಲಿ ಅವಳು ಒಂದೇ ಒಂದು ಸಲ, ಮಾವನಿಗೆ ಹೇಳಿಬಿಡಿ ಎಂದು ಬಾಯಿಬಿಟ್ಟಿದ್ದಳು, ಅದೂ ಜಗಳದ ನಡುವೆ. ಈಗ ಪತ್ರಿಕೆ ಮಡಚಿ ಅವನ ಅಂಗಿಯ ಕಿಸೆಗೆ ತುರುಕಿ, ‘ನೀವು ಹೇಳ್ತ್ರೋ, ನಾ ಹೇಳ್ಲೋ?’ ಎಂದು ಕೇಳಿದಳು.

‘ಊಟ ಆಗ್ಲಿ.’

‘ಊಟ ಆಗೂದು ನಿಮ್ಗೋ ಅವ್ರಿಗೋ?’

ಅಪ್ಪ ಮಣೆಯ ಮೇಲೆ ಕೂತು ಮೀನಿನ ಸಾರಿನಲ್ಲಿ ಅನ್ನ ಕಲಸುತ್ತಿದ್ದ. ತೆಳ್ಳಗಿನ ಮೈ, ಕೆನ್ನೆಗಳು ಮಾತ್ರ ಜೋತು ಬಿದ್ದು ಎರಡು ಖಾಲಿ ಚೀಲಗಳ ಹಾಗೆ. ನರೇಶ ಎದುರಿಗೆ ಕೂತ. ಎದೆಯ ಬಡಿತ ಕಿವಿಯಲ್ಲಿ ಕೇಳುತ್ತಿತ್ತು, ನಿಮಿಷಕ್ಕೆ ನೂರಿಪ್ಪತ್ತು ಎಂದು ತಲೆ ತಾನಾಗಿ ಎಣಿಸಿತು. ‘ಅಪ್ಪ,’ ಎಂದ. ಅಪ್ಪ ತಲೆಯೆತ್ತಿದ. ಆ ಕಣ್ಣಿನಲ್ಲಿ ಯಾವ ದೂರೂ ಇರಲಿಲ್ಲ, ಅದೇ ಕಷ್ಟ. ದೂರು ಇದ್ದಿದ್ದರೆ ಅದಕ್ಕೊಂದು ಉತ್ತರ ಸಿದ್ಧವಿತ್ತು. ‘ಅಪ್ಪ, ನಿನ್ ಕೋಣೆ ಫ್ಯಾನು ಸದ್ದು ಮಾಡ್ತದಾ ಈಗ್ಲೂ?’ ಎಂದು ಕೇಳಿತು ನರೇಶನ ಬಾಯಿ. ಒಲೆಯ ಹತ್ತಿರ ಸುಪ್ರಿಯಾ ಸೌಟನ್ನು ಬೇಕೆಂದೇ ಜೋರಾಗಿ ಇಟ್ಟಳು. ‘ಫ್ಯಾನಾ? ಇಲ್ಲ, ಲಾಯಕ್ಕಾಗಿ ಅದೆ,’ ಎಂದ ಅಪ್ಪ. ಲೋಕದಲ್ಲಿ ಅವನಿಗೆ ಎಲ್ಲವೂ ಲಾಯಕ್ಕಾಗಿಯೇ ಇತ್ತು. ಮೀನಿನ ಮುಳ್ಳನ್ನು ಎಲೆಯ ಅಂಚಿಗೆ ಸಾಲಾಗಿ ಇಟ್ಟು, ಕೈ ತೊಳೆದು, ಮಲಗಲು ಹೋದ.

ಎದ್ದ ಮೇಲೆ ಹೇಳುತ್ತೇನೆ ಎಂದುಕೊಂಡು ನರೇಶ ಜಗಲಿಯಲ್ಲಿ ಕೂತ. ಕೂತಲ್ಲೇ ಲ್ಯಾಪ್‌ಟಾಪು ತೆರೆದು, ಕಿವಿಗೆ ಹೆಡ್‌ಫೋನು ಹಾಕಿ, ಬಾಸಿನ ಆ ಸತ್ತ ಸ್ವರವನ್ನು ಇನ್ನೊಮ್ಮೆ ಕೇಳೋಣ, ಐದೇ ನಿಮಿಷ ಎಂದುಕೊಂಡ. ಒಂದು ಕಡೆ ಸ್ವಲ್ಪ ಏರಿಸಿದ, ಒಂದು ಕಡೆ ಇಳಿಸಿದ. ತಲೆಯೆತ್ತಿದಾಗ ಬಿಸಿಲು ಅಂಗಳ ದಾಟಿ ಬೇಲಿಗೆ ಹೋಗಿತ್ತು, ಅಪ್ಪನ ಚಪ್ಪಲಿ ಮೆಟ್ಟಿಲ ಬಳಿ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಅಪ್ಪ ದಿನವೂ ಸಂಜೆ ದೋಣಿ ನಿಲ್ಲುವ ದಕ್ಕೆಯ ಕಡೆ ಗಾಳಿಗೆ ಹೋಗುತ್ತಿದ್ದ. ಇಷ್ಟು ಹತ್ತಿರದಿಂದ ದಾಟಿ ಹೋದರೂ ತನಗೆ ಕೇಳಿಸಲಿಲ್ಲ. ಎಂಬತ್ತಾರು ಮಂದಿಯ ಹೆಜ್ಜೆ ಕಾಯುವವನಿಗೆ ಹೆತ್ತಪ್ಪನ ಹೆಜ್ಜೆ ಕೇಳಿಸಲಿಲ್ಲ ಎಂದು ತನ್ನನ್ನೇ ಹಂಗಿಸಿಕೊಂಡ, ಹಂಗಿಸಿದ ವಾಕ್ಯ ಚೆನ್ನಾಗಿ ಬಂತೆಂದು ಒಂದು ಕ್ಷಣ ಸಮಾಧಾನವೂ ಆಯಿತು. ಆಗಲೇ ಮಂಜನ ಸ್ಕೂಟರು ಬಂದು ನಿಂತಿತು. ಮಂಜ ಪತ್ರಿಕೆಯ ಕಟ್ಟಿನಿಂದ ಒಂದನ್ನು ಎಳೆದು ಸುಪ್ರಿಯಾಳ ಕೈಗೆ ಕೊಟ್ಟ.

‘ಮಾವ ಮನೇಲಿಲ್ಲ, ದಕ್ಕೆ ಕಡೆ ಹೋಗಿದ್ರು,’ ಎಂದಳು ಅವಳು.

‘ದಕ್ಕೆಗಾ?’ ಮಂಜ ನಕ್ಕ. ‘ಎಂತ ದಕ್ಕೆ ಅಕ್ಕ, ಸೋಮಯ್ಯಣ್ಣ ದಿನಾ ಸಂಜೆ ದೇವಸ್ಥಾನದಾಗೇ ಇರ್ತ್ರಲೆ. ಪೆಟ್ಟಿಗೆ ಸ್ವಿಚ್ ಹಾಕೂದು ಅವ್ರೇ. ಈಗ್ಲೂ ಅಲ್ಲೇ ಕಂಡೆ. ಒಂದು ಪತ್ರಿಕೆ ಕೈಗೇ ಕೊಟ್ಟೆ, ಮಗಂದು ಹೆಸ್ರು ಬಂದದೆ ಕಾಣಿ ಅಂದೆ.’

ನರೇಶ ಹೆಡ್‌ಫೋನು ಕೊರಳಲ್ಲಿ ತೂಗಹಾಕಿಕೊಂಡೇ ಓಡಿದ. ದೇವಸ್ಥಾನಕ್ಕೆ ಕಾಲು ಮೈಲು. ಓಡಿ ರೂಢಿಯಿಲ್ಲದ ಹೊಟ್ಟೆ, ಅರ್ಧ ದಾರಿಗೆ ಪಕ್ಕೆ ಹಿಡಿಯಿತು, ಒಂದು ಕೈಯಿಂದ ಅದನ್ನು ಒತ್ತಿ ಹಿಡಿದು ಕುಂಟುತ್ತ ಹೋದ. ಒಳಗೆ ಗಂಟೆ ಬಡಿದದ್ದು ಕೇಳಿಸಿತು, ಹಿಂದೆಯೇ ಅವನದೇ ಸನಾದಿ. ಇಷ್ಟು ಹತ್ತಿರದಿಂದ ಅದನ್ನು ಅವನು ಕೇಳಿರಲಿಲ್ಲ. ಮೊದಲ ದಿನ ರಸ್ತೆಯಾಚೆ ಬೈಕಿನ ಮೇಲೆ ಕೂತು ಎರಡು ನಿಮಿಷ ಕೇಳಿ ಹೋದವನು ಮತ್ತೆ ಇತ್ತ ಸುಳಿದಿರಲಿಲ್ಲ. ಚಿಕ್ಕಂದಿನಲ್ಲೂ ಪೂಜೆ ಮುಗಿಯುವವರೆಗೆ ಒಳಗೆ ನಿಂತವನಲ್ಲ, ಅಪ್ಪನ ಮುಖ ಉಬ್ಬುವ ಮೊದಲೇ ಪ್ರಸಾದದ ಆಸೆ ಬಿಟ್ಟು ಹೊರಗೆ ಓಡುತ್ತಿದ್ದ. ಈಗ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಒಳಗೆ ಕಾಲಿಟ್ಟ. ಹತ್ತು ಹನ್ನೆರಡು ಜನ ಗರ್ಭಗುಡಿಯ ಕಡೆ ಮುಖಮಾಡಿ ನಿಂತಿದ್ದರು. ಬಲಗಡೆ, ಹಿಂದೆ ಚಾಪೆ ಹಾಸುತ್ತಿದ್ದ ಜಾಗದಲ್ಲಿ, ಒಂದು ಸ್ಟೂಲು. ಸ್ಟೂಲಿನ ಮೇಲೆ ಪೆನ್ ಡ್ರೈವ್ ಸಿಕ್ಕಿಸಿದ ಸ್ಪೀಕರಿನ ಪೆಟ್ಟಿಗೆ. ಪೆಟ್ಟಿಗೆಯ ಪಕ್ಕ ಅಪ್ಪ, ಸೊಂಟಕ್ಕೆ ಶಲ್ಯ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಒಂದು ಕೈ ಅದರ ಮೇಲಿಟ್ಟು ನಿಂತಿದ್ದ. ಸೊಂಟದ ಗಂಟಿನಲ್ಲಿ ಪತ್ರಿಕೆ ಸಿಕ್ಕಿಸಿಕೊಂಡಿದ್ದ.

ನರೇಶ ಹತ್ತಿರ ಹೋದ. ಸನಾದಿಯ ಸದ್ದಿನ ಮರೆಯಲ್ಲಿ ಹೇಳುವುದು ಸುಲಭವೆನಿಸಿತು. ಬೇರೆಯವರ ಕಿವಿಗೆ ಬೀಳುವುದಿಲ್ಲ, ಬಹುಶಃ ಅಪ್ಪನ ಕಿವಿಗೂ ಅರ್ಧವೇ ಬೀಳುತ್ತದೆ. ಇಂಥ ಹೊತ್ತಿನಲ್ಲೂ ಮರೆ ಹುಡುಕುವ ತನ್ನ ಬುದ್ಧಿಗೆ ಅವನು ಮನಸ್ಸಿನಲ್ಲೇ ಕೈಮುಗಿದ. ‘ಅಪ್ಪ, ಇದು ನಾ ಮಾಡಿದ್ದು,’ ಎಂದ. ‘ಮಂಗಳೂರಿಂದ್ದಲ್ಲ. ನಾನೇ. ನಿಂಗೆ ಗೊತ್ತಿಲ್ದೆ. ನನ್ನಿಂದ ನಿನ್ ಕೆಲ್ಸ ಹೋತು.’ ಕೊನೆಯ ವಾಕ್ಯ ಹೆಲ್ಮೆಟ್ಟಿನೊಳಗಿನ ಯಾವ ಅಭ್ಯಾಸದಲ್ಲೂ ಇರಲಿಲ್ಲ.

ಅಪ್ಪ ದೇವರ ಕಡೆಯಿಂದ ಕಣ್ಣು ತೆಗೆಯಲಿಲ್ಲ. ‘ಗೊತ್ತು,’ ಎಂದ.

‘ಪತ್ರಿಕೆ ಕಂಡು?’

‘ಮೊದ್ಲ ದಿನವೇ. ನನ್ನ ಉಸ್ರು ನಂಗೆ ತಿಳೂದಿಲ್ವಾ ತಮಾ? ಮತ್ತೆ ನಡೂಕೆ ಕಾಕೆ ಕೂಗ್ತದೆ ಕಾಣು, ನಮ್ಮನೆ ಮಾವಿನ ಮರದ್ದು.’ ಕಾಗೆಯನ್ನು ನರೇಶ ಎರಡು ದಿನ ಕೂತು ಅಳಿಸಿದ್ದ. ಉಸಿರು ಕತ್ತರಿಸುವುದರಲ್ಲಿ ಜಿಲ್ಲೆಗೇ ಒಬ್ಬನಾದವನು ಕಾಗೆಯನ್ನು ಪೂರ್ತಿ ಕೊಲ್ಲಲಾರದೆ ಹೋಗಿದ್ದ. ಇಷ್ಟು ದಿನ ಯಾಕೆ ಕೇಳಲಿಲ್ಲ, ಯಾಕೆ ಬೈಯಲಿಲ್ಲ, ಮನೆಯಲ್ಲಿ ದಕ್ಕೆ ಎಂದು ಯಾಕೆ ಹೇಳಿದೆ ಎಂದು ಕೇಳಬೇಕೆಂದು ಬಾಯಿ ತೆರೆದ. ಅಪ್ಪ ಪೆಟ್ಟಿಗೆಯ ಮೇಲಿದ್ದ ಕೈಯನ್ನು ಎತ್ತಿ ತಡೆದ. ‘ಈಗ ಮಾತಾಡ್ಬೇಡ. ನಿಲ್ತದೆ ಈಗ.’

ಎಂತದು ನಿಲ್ಲುತ್ತದೆ ಎಂದು ನರೇಶನಿಗೆ ಅರ್ಥವಾಗುವುದರೊಳಗೆ ಅಪ್ಪ ಮೂಗಿನಿಂದ ಉದ್ದಕ್ಕೆ ಉಸಿರೆಳೆದ. ಕೆನ್ನೆಗಳು ನಿಧಾನವಾಗಿ ತುಂಬಿಕೊಂಡವು. ಸನಾದಿ ತಾನದ ಕೊನೆಗೆ ಬಂತು, ಒಂಬತ್ತು ನಿಮಿಷ ಮುಗಿಯಿತು, ಪೆಟ್ಟಿಗೆ ಪಕ್ಕನೆ ಬಾಯಿ ಮುಚ್ಚಿತು. ಮೊದಲಿನಿಂದ ಶುರುಮಾಡಲು ಅದಕ್ಕೆ ಮೂರು ಸೆಕೆಂಡು ಬೇಕಿತ್ತು. ಆ ಮೂರು ಸೆಕೆಂಡಿನಲ್ಲಿ ಅಪ್ಪ ತುಟಿ ಬಿಗಿದು ಮೂಗು, ಗಂಟಲು, ಎದೆ ಎಲ್ಲದರಿಂದ ಆ ಒಂದು ಸ್ವರವನ್ನು ಹಿಡಿದ. ಕೊಳವೆಯಿಲ್ಲ, ಬರೀ ಮೈ. ಕೂದಲೆಳೆಯಷ್ಟೂ ಆಚೀಚೆಯಾಗದೆ ಅದು ಪೆಟ್ಟಿಗೆ ಬಿಟ್ಟಲ್ಲಿಂದ ಎತ್ತಿಕೊಂಡು, ಪೆಟ್ಟಿಗೆ ಮತ್ತೆ ಶುರುವಾದಲ್ಲಿಗೆ ತಂದು ಮುಟ್ಟಿಸಿತು. ನಿಂತ ಹತ್ತು ಹನ್ನೆರಡು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಆರತಿ ಎತ್ತಿದ ಭಟ್ಟರ ಕೈಯೂ ನಿಲ್ಲಲಿಲ್ಲ. ಮೊದಲ ಗಂಟೆಯಿಂದ ಮಂಗಳಾರತಿಯವರೆಗೆ ಶ್ರುತಿ ಕಡಿಯಬಾರದು, ಕಡಿದರೆ ಪೂಜೆ ಮೊದಲಿನಿಂದ. ಊರಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಕಟ್ಟಳೆ ಅದು. ಪೂಜೆಗೆ ಅರ್ಧ ತಾಸು ಹಿಡಿಯುತ್ತದೆ ಎಂಬುದೂ ಗೊತ್ತಿರುವುದೇ. ಒಂದು ಸ್ವರ ಹತ್ತು ಮಿಲಿಸೆಕೆಂಡು ತಡವಾದರೆ ಎರಡು ದಿನ ನಿದ್ದೆಗೆಡುವ ಸಂಗೀತ ಸಂಯೋಜಕರು ಇದನ್ನು ಯೋಚಿಸಿಯೇ ಇರಲಿಲ್ಲ, ಏಕೆಂದರೆ ಅವರು ಒಂದು ದಿನವೂ ಪೂಜೆಯ ಕೊನೆಯವರೆಗೆ ನಿಂತಿರಲಿಲ್ಲ. ಎಂಟು ತಿಂಗಳಿಂದ ದಿನಕ್ಕೆ ಮೂರು ಸಲ ಅಪ್ಪ ಆ ತೂತಿಗೆ ತನ್ನ ಉಸಿರು ಒತ್ತಿ ಮುಚ್ಚುತ್ತ ಬಂದಿದ್ದ. ಮಗನದು ಎಂದು ಗೊತ್ತಿದ್ದೂ, ಊರವರಿಗೆ ಮಗನ ತಪ್ಪು ಕಾಣಬಾರದೆಂದು.

ಇನ್ನೂ ಒಂಬತ್ತು ನಿಮಿಷ ನರೇಶ ಅಲ್ಲೇ ನಿಂತ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೊರಳ ಹೆಡ್‌ಫೋನು ಅಡ್ಡ ಬರುತ್ತಿತ್ತು, ಪಕ್ಕದಲ್ಲಿದ್ದವರು ಭಕ್ತಿ ಎಂದುಕೊಂಡರು. ಎರಡನೆಯ ಸಲ ಪೆಟ್ಟಿಗೆ ನಿಲ್ಲುವ ಹೊತ್ತಿಗೆ ಅವನೂ ಬಾಯಿ ಮುಚ್ಚಿ ಸ್ವರ ಹಿಡಿದ. ಮೂರು ಸೆಕೆಂಡು. ಇಷ್ಟು ಉದ್ದದ ಹೊತ್ತನ್ನು ಅವನು ಕಂಡಿರಲಿಲ್ಲ. ಒಂದನೆಯ ಸೆಕೆಂಡಿಗೇ ಸ್ವರ ನಡುಗಿ ಕೆಳಗೆ ಜಾರಿತು. ಅಪ್ಪ ಅದೇ ಉಸಿರಿನಲ್ಲಿ, ಮುಖ ತಿರುಗಿಸದೆ, ಮೊಣಕೈಯಿಂದ ಅವನ ಪಕ್ಕೆಗೆ ತಿವಿದು ಸುಮ್ಮನಿರಿಸಿದ. ಮೂರನೆಯ ಸಲ ನರೇಶ ಬಾಯಿ ಹಾಕುವ ಧೈರ್ಯ ಮಾಡಲಿಲ್ಲ.

ಪ್ರಸಾದ ತೆಗೆದುಕೊಂಡು ಹೊರಗೆ ಬಂದರು. ಬಾಗಿಲಲ್ಲಿ ನಿಂತಿದ್ದ ರಾಘು ಮಾಸ್ತರರು, ‘ಏನ್ ಸೋಮಯ್ಯ, ಮಗಂಗೆ ಶಾಲು, ಖುಷಿಯಾ?’ ಎಂದರು. ‘ಖುಷಿಯೇ,’ ಎಂದ ಅಪ್ಪ. ‘ಉಣ್ಣೆದು ತರ್ಸಿ ಮಾಸ್ತರೇ, ನಂಗೂ ಹೊದೂಕಾತದೆ.’ ಮಾಸ್ತರರು ನಗುತ್ತ ಒಳಗೆ ಹೋದರು. ಸನ್ಮಾನ ಬೇಡ ಎಂದು ಅಲ್ಲೇ ಹೇಳಬೇಕೆಂದು ನರೇಶ ತುದಿಗಾಲಲ್ಲಿದ್ದ, ಆದರೆ ಅಪ್ಪ ಆಗಲೇ ಮೆಟ್ಟಿಲಿಳಿಯುತ್ತಿದ್ದ. ಕತ್ತಲೆಗೆ ಇನ್ನೂ ಹೊತ್ತಿತ್ತು. ಏನಾದರೂ ಒಂದನ್ನು ಸರಿಮಾಡದೆ ಮನೆಗೆ ಹೋಗುವುದು ನರೇಶನಿಂದ ಸಾಧ್ಯವಿರಲಿಲ್ಲ. ಆದದ್ದನ್ನೆಲ್ಲ ಸರಿಮಾಡಲಾಗದು, ಆದರೆ ಇದೊಂದು ಅವನಿಗೆ ಬರುವ ಕೆಲಸ. ಫೈಲಿನ ಬಾಲಕ್ಕೆ ತಲೆ ಹೊಲಿದು ಅರ್ಧ ತಾಸಿನಷ್ಟು ಉದ್ದ ಮಾಡಿದರೆ ಮುಗಿಯಿತು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಎದೆ ಹಗುರಾಯಿತು.

‘ಅಪ್ಪ, ಆ ನಡೂಕೆ ನಿಲ್ಲೂದದಲ್ಲ, ಅದು ನಂದೇ ತಪ್ಪು,’ ಎಂದ. ‘ಐದು ನಿಮಿಷದ ಕೆಲ್ಸ. ನಾಳೆಯೇ ಸರಿ ಮಾಡಿ ಕೊಡ್ತೆ. ಮತ್ತೆ ನೀ ಅಷ್ಟು ಕಷ್ಟಪಡೂದು ಬೇಡ.’

ಅಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿದವನು ಇನ್ನೊಂದು ಕಾಲನ್ನು ಹಾಗೆಯೇ ಎತ್ತಿಹಿಡಿದು ನಿಂತ. ಆಯ ತಪ್ಪುತ್ತದೆಂದು ನರೇಶ ತೋಳು ಕೊಟ್ಟ. ಅಪ್ಪ ಅದನ್ನು ಹಿಡಿದ ಬಿಗಿತ ನೋಡಿದರೆ ಅದು ಬೀಳುವ ಹೆದರಿಕೆಯಾಗಿರಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಮಗನನ್ನು ಬೇಡುವ ಭಾವ ಬಂದಿತ್ತು.

‘ಅದೊಂದು ಸರಿ ಮಾಡ್ಬೇಡ ತಮಾ,’ ಎಂದ ಅಪ್ಪ. ‘ಅಷ್ಟಾದ್ರೂ ನಂಗೆ ಬಿಡು.’